ಸಂಕದ ಬಿರುಕಿಗೆ ಅಂಟಿಸಿದ ಗಾಜು

ಸರಕಾರಿ ಸೊತ್ತಿಗೆ ಕೈಹಾಕಿದ್ದೇನೆಂದು ಕಳೆದ ವಾರ ನನಗೊಂದು ನೋಟೀಸು ಬಂದಿದೆ. ಅಪರಾಧ? ಅಲೆವೂರು ದಾರಿಯ ಸಂಕದ, ಅಂದರೆ ಕಿರುಸೇತುವೆಯ, ಮಗ್ಗುಲಿಗೆ ಗಾಜಿನ ಪಟ್ಟಿ ಅಂಟಿಸಿದ್ದು. ಹೌದು ಸ್ವಾಮಿ, ಅಂಟಿಸಿದ್ದೇನೆ. (ನಮ್ಮ ಮದುವೆ ಫೋಟೋದ ಗಾಜು. ಯಜಮಾನರ ಸಿಟ್ಟು ಇನ್ನೂ ಇಳಿದಿಲ್ಲ.)

ಎತ್ತಿನ ಗಾಡಿಗಳ ಕಾಲದಲ್ಲಿ ಕಟ್ಟಿದ ಕಾಂಕ್ರೀಟ್ ಸಂಕ ಅದು. ಈಗ ಗಲ್ಫ್ ದುಡ್ಡಿನ ಮನೆಗಳಿಗೆ ಕೆಂಪು ಕಲ್ಲು ಹೊತ್ತ ಲಾರಿಗಳು ದಿನವಿಡೀ ಅದರ ಮೇಲೆ ಓಡುತ್ತವೆ. ಉಡುಪಿಯ ಶಾಲೆಗೆ ನಾನೂ ಮಗಳೂ ಹೋಗುವ ಬಸ್ಸೂ ಅದರ ಮೇಲೆಯೇ.

ಊರವರು ಗಲಾಟೆ ಮಾಡಿದ್ದಕ್ಕೆ ಲೋಕೋಪಯೋಗಿ ಇಲಾಖೆಯವರು ಟೆಸ್ಟ್ ಮಾಡಿದರು. ಎರಡು ಲೋಡ್ ಲಾರಿ ತಂದು ಸಂಕದ ಸರಿ ನಡುವೆ ನಿಲ್ಲಿಸಿದರು. ಬಗ್ಗಲಿಲ್ಲ. ಪಾಸ್!

ನೆರೆಮನೆಯ ಫೆಲಿಕ್ಸ್ ಪೊರ್ಬುಗಳು ರಿಟೈರ್ಡ್ ಓವರ್‌ಸಿಯರ್. ಅವರು ನನ್ನನ್ನು ಸಂಕದಡಿ ಹರಿಯುವ ತೋಡಿಗಿಳಿಸಿ, ಸಂಕವು ದಡದ ಕಟ್ಟೆಯ ಮೇಲೆ ಕೂರುವಲ್ಲಿ ಓರೆಯಾಗಿ ಏರಿದ ಬಿರುಕನ್ನು ತೋರಿಸಿದರು.

"ನಡು ಬಗ್ಗಿದರೆ ಕಣ್ಣಿಗೆ ಕಾಣ್ತದೆ ಟೀಚರೇ, ಓಡಲಿಕ್ಕೆ ಟೈಮ್ ಉಂಟು. ಇಲ್ಲಿ ಬುಡದಲ್ಲಿ ಕತ್ತರಿಸಿದರೆ ಹೇಳದೆ ಕೇಳದೆ ಬೀಳ್ತದೆ. ಭಾರ ಇಡಬೇಕಾದ್ದು ಈ ಬುಡದ ಹತ್ತಿರ. ನಡುವೆ ಇಟ್ಟು ಎಂತ ನೋಡಿದರು ಅವರು?"

ಬಿರುಕಿಗೆ ಅಡ್ಡಲಾಗಿ ಗಾಜು ಅಂಟಿಸುವುದು ಅವರ ಹಳೇ ಕ್ರಮ. ಬಿರುಕು ಸುಮ್ಮನಿದ್ದರೆ ಗಾಜು ಉಳಿಯುತ್ತದೆ, ಅಲುಗಿದರೆ ಒಡೆಯುತ್ತದೆ. ಪೊರ್ಬುಗಳಿಗೆ ಮೊಣಕಾಲು ನೋವು. ಹಾಗಾಗಿ ಸಿಮೆಂಟು ಕಲಸಿ ಅಂಟಿಸಿದವಳು ನಾನೇ. ಐದನೇ ದಿನ ಹೋಗಿ ನೋಡಿದರೆ, ಬಿರುಕಿನ ಗೆರೆಯಲ್ಲೇ ಗಾಜು ಎರಡು ತುಂಡು.

ತುಂಡು ಹಿಡಿದು ಇಲಾಖೆಯ ಆಫೀಸಿಗೆ ಹೋದೆ. "ಯಾರೋ ಕಲ್ಲು ಹೊಡೆದಿರಬೇಕು ಮೇಡಂ" ಎಂದರು ಸಾಹೇಬರು. ಕಲ್ಲು ಹೊಡೆದರೆ ಚೂರುಚೂರಾಗುವುದಿಲ್ಲವೇ? "ಅದಿರಲಿ, ಅಂಟಿಸಲಿಕ್ಕೆ ಪರ್ಮಿಷನ್ ಉಂಟಾ ನಿಮಗೆ?"

ಮೂರನೇ ದಿನಕ್ಕೆ ನೋಟೀಸು. (ಇಲಾಖೆ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿಲ್ಲ.)

ಅಂದಿನಿಂದ ಸಂಕದ ಈಚೆಯೇ ಬಸ್ಸಿಳಿದು, ಮಗಳ ಕೈ ಹಿಡಿದು ನಡೆದು ದಾಟುತ್ತೇನೆ. ಮೊದಲ ದಿನ ಕಂಡಕ್ಟರ್, "ನೀವಿಬ್ಬರು ಇಳಿದರೆ ಸಂಕಕ್ಕೆ ಎಂತ ಹಗುರ ಆಗ್ತದೆ ಮಾರಾಯ್ರೆ?" ಎಂದು ನಕ್ಕ. ಮೊನ್ನೆ ಬಸ್ಸಿಗೆ ಬಸ್ಸೇ ಇಳಿಯಿತು, ಮೀನಿನ ಬುಟ್ಟಿ ಹೊತ್ತ ಹೆಂಗಸರೂ ಸೇರಿ. ಡ್ರೈವರ್ ಒಬ್ಬನೇ ಖಾಲಿ ಬಸ್ಸು ದಾಟಿಸಿದ. ಕಂಡಕ್ಟರ್? ನಮ್ಮ ಜೊತೆಗೇ ನಡೆದ, ನಗದೆ.

ನೋಟೀಸಿಗೆ ಏಳು ದಿನದೊಳಗೆ ಉತ್ತರ ಕೊಡಬೇಕಂತೆ. ಇಲ್ಲೇ ಕೊಡುತ್ತೇನೆ. ನಿನ್ನೆ ಇನ್ನೊಂದು ಗಾಜು ಅಂಟಿಸಿ ಬಂದಿದ್ದೇನೆ, ಬೇಕಾದರೆ ಇನ್ನೊಂದು ನೋಟೀಸು ಕಳಿಸಿ. ಅಂಟಿಸಲು ನನಗೆ ಪರ್ಮಿಷನ್ ಇರಲಿಲ್ಲ, ಒಪ್ಪಿದೆ.

ಒಡೆಯಲು ಆ ಗಾಜಿಗೆ ಯಾರ ಪರ್ಮಿಷನ್ ಇತ್ತು, ಸಾಹೇಬರೇ?