ಮುಖ ಮುಚ್ಚಿಕೊಂಡ ಇರಕಲ್ಲಗಡ ಬಸ್ಸು

ಮೊನ್ನೆ ಕೊಪ್ಪಳದಿಂದ ಗಂಗಾವತಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗಿಯ ಕಡೆಯಿಂದ ನೀಲಗಿರಿ ಎಣ್ಣೆಯ ವಾಸನೆ ಘಮ್ಮೆಂದು ಬಡಿಯಿತು. ಕರವಸ್ತ್ರಕ್ಕೆ ಎಣ್ಣೆ ಹಚ್ಚಿ ಮೂಗು-ಬಾಯಿ ಮುಚ್ಚಿಕೊಂಡಿದ್ದಳು. "ನೆಗಡಿ ಆಗೇತ್ರಿ ಅಮ್ಮಾರ, ಸ್ವಲ್ಪ ಆ ಕಡೆ ಸರೀರಿ" ಎಂದಳು. ಸರಿದೆ. ಸರಿದದ್ದು ಮೈ ಮಾತ್ರ. ಮನಸ್ಸು ಆಗಲೇ ಹಳೆಯ ಇನ್ನೊಂದು ಬಸ್ಸು ಹತ್ತಿಬಿಟ್ಟಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಇರಕಲ್ಲಗಡದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಹೊಸ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ದಿನಾ ಬೆಳಿಗ್ಗೆ ಕೊಪ್ಪಳದಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಆ ವರ್ಷದ ಚಳಿಗಾಲದಲ್ಲಿ ಕೆಮ್ಮು-ಜ್ವರ ಊರಿಂದೂರಿಗೆ ಹಬ್ಬಿತ್ತು. ಸಾಲಿಯಲ್ಲಿ ಅರ್ಧಕ್ಕರ್ಧ ಮಕ್ಕಳಿಲ್ಲ. ಉಳಿದವರ ಕೈಲಿ "ಸೀನುವಾಗ ಬಟ್ಟೆ ಅಡ್ಡ ಹಿಡಿಯಬೇಕು" ಎಂದು ದಿನಕ್ಕೆ ಹತ್ತು ಸಲ ಹೇಳಿಸುತ್ತಿದ್ದೆ. ಹೇಳಿಸುವವರಿಗೆ ನೆಗಡಿ ಬರುವುದಿಲ್ಲವೆಂದು ನನ್ನ ನಂಬಿಕೆ.

ಒಂದು ದಿನ ನಸುಕಿನಿಂದಲೇ ನನ್ನ ಮೂಗು ಕಡಿಯತೊಡಗಿತು. ಆದರೂ ಬಸ್ಸು ಹತ್ತಿದೆ. ಪುಣ್ಯಕ್ಕೆ ಹೆಂಗಸರ ಸೀಟಿನಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಬಾಣಂತಿ, ಅವಳ ಆಚೆ ಮುದುಕಿ ಅತ್ತೆ. ಅತ್ತೆಯ ಮಡಿಲಲ್ಲಿ ದುಪ್ಪಟಿ ಸುತ್ತಿದ ಕೂಸು. ದವಾಖಾನೆಯಿಂದ ಊರಿಗೆ ಹೊರಟಿದ್ದರು. ಬಸ್ಸಿನ ತುಂಬಾ ಕೆಮ್ಮು.

ನಮ್ಮ ಭಾಗದ ನರ್ಸಬಾಯಿಯೂ ಅದೇ ಬಸ್ಸಿನಲ್ಲಿದ್ದರು. ಎದ್ದು ನಿಂತು ಕೂಗಿದರು: "ಒಂಬತ್ತು ದಿನದ ಕೂಸು ಐತ್ರಿ ಇಲ್ಲೆ! ನೆಗಡಿ-ಕೆಮ್ಮು ಇದ್ದವ್ರು ಹಿಂದ ಹೋಗ್ರಿ. ಎಲ್ಲಾರೂ ಮೂಗು-ಬಾಯಿಗೆ ಬಟ್ಟಿ ಕಟ್ಕೋರಿ."

ಯಾರೂ ಅಲುಗಲಿಲ್ಲ. ತಲೆಗೆ ದೊಡ್ಡ ಪಟಗಾ ಸುತ್ತಿದ್ದ ದನದ ದಲಾಲಿಯೊಬ್ಬ ಎಲೆಯಡಿಕೆ ತುಂಬಿದ ಬಾಯಲ್ಲೇ ಕೇಳಿದ: "ಬಾಯಿ ಕಟ್ಟಾಕ ನಾವೇನು ಕಣದಾಗ ರಾಶಿ ತುಳಿಯೋ ಎತ್ತೇನ್ರಿ ಬಾಯಾರ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅಲ್ಲೇ ಕೆಟ್ಟದ್ದು. ಅಷ್ಟು ಹೊತ್ತು ತಡೆದಿದ್ದ ಸೀನು ಸಿಡಿಯಿತು. ಬಟ್ಟೆ ಅಡ್ಡ ಹಿಡಿಯುವುದಕ್ಕೂ ಆಗಲಿಲ್ಲ.

ಮುದುಕಿ ಥಟ್ಟನೆ ಕೂಸಿನ ಮೇಲೆ ಬಾಗಿದಳು. ಬೈಯಲಿಲ್ಲ. "ಅಕ್ಕೋರ, ಇದರಕಿಂತ ಮೊದಲ ಎರಡು ಹೋಗ್ಯಾವ್ರಿ" ಎಂದಳು, ಅಷ್ಟೆ.

ಆ ಮಾತಿನ ಮುಂದೆ ನನ್ನ ಪಾಠವೆಲ್ಲ ಪುಡಿಪುಡಿಯಾಯಿತು. ಎದ್ದು ನಿಂತೆ. "ನನಗ ನಸುಕಿನಿಂದ ನೆಗಡಿ ಐತ್ರಿ. ಸೀಟು ಹೋಗತೈತಿ ಅಂತ ಹೇಳದ ಕುಂತಿದ್ದೆ. ತಪ್ಪಾತು" ಎಂದೆ. ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು ಜನರ ನಡುವೆ ನುಗ್ಗಿ ಹಿಂದೆ ಹೋದೆ.

ದಲಾಲಿ ಕಿಟಕಿಯಿಂದ ಎಲೆಯಡಿಕೆ ಉಗುಳಿ ಹಿಂದೆ ಬಂದು, "ನನಗೂ ಮೂರು ದಿನದಿಂದ ಐತ್ರಿ" ಎಂದ. ಆಮೇಲೆ ಒಬ್ಬೊಬ್ಬರೇ ಒಪ್ಪಿಕೊಂಡರು ನೋಡಿ! ಹಿಂದಿನ ಸೀಟುಗಳೆಲ್ಲ ಕೆಮ್ಮಿನವರ ಓಣಿಯಾಯಿತು. ಟವೆಲ್ಲು, ಧೋತರದ ಚುಂಗು, ಸಂತೆಚೀಲ, ಕೈಗೆ ಸಿಕ್ಕಿದ್ದೆಲ್ಲ ಮೂಗಿಗೇರಿತು. ಬಟ್ಟೆ ಇಲ್ಲದ ಇಬ್ಬರಿಗೆ ದಲಾಲಿ ತನ್ನ ಪಟಗಾ ಬಿಚ್ಚಿದ. ಒಂದು ತುದಿ ತನಗೆ, ನಡುವಿನದು ಒಬ್ಬನಿಗೆ, ಇನ್ನೊಂದು ತುದಿ ಮತ್ತೊಬ್ಬನಿಗೆ. ಆ ತುದಿಯವನ ಊರು ಬಂದಾಗ ಅವನ ಹಿಂದೆ ಉಳಿದಿಬ್ಬರೂ ಬಾಗಿಲತನಕ ಎಳೆಸಿಕೊಂಡು ಹೋದರು. ಬಟ್ಟೆ ಕಟ್ಟಿಕೊಂಡ ಕಂಡಕ್ಟರ್‌ಗೆ ಸೀಟಿ ಊದಲಾಗಲಿಲ್ಲ; ಬಸ್ಸಿನ ತಗಡು ಬಡಿದು ಬಡಿದು ನಿಲ್ಲಿಸಿದ. ನರ್ಸಬಾಯಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಮುದುಕಿಯ ಊರು ಬಂತು. ಕಾಯುತ್ತ ನಿಂತಿದ್ದ ಮಗನ ಕೈಗೆ ಕೂಸನ್ನು ಕೊಟ್ಟು, ಸೊಸೆಯೊಂದಿಗೆ ದೂರ ಕಳಿಸಿ, ಅವಳು ಮತ್ತೆ ಬಸ್ಸಿನ ಕಿಟಕಿಯ ಕೆಳಗೆ ಬಂದಳು.

"ಈಗ ಬಿಚ್ರಿ ಎಲ್ಲಾರೂ. ಮಾರಿ ನೋಡತೀನಿ. ಕೂಸು ದೊಡ್ಡದಾದ ಮ್ಯಾಲೆ ಯಾರ್‍ಯಾರು ಕಾದ್ರು ಅಂತ ಹೇಳಬೇಕಲ್ರಿ?"

ಒಂದೊಂದೇ ಬಟ್ಟೆ ಕೆಳಗಿಳಿಯಿತು. ಕೆಂಪು ಮೂಗು, ಮೀಸೆ, ಬೊಚ್ಚುಬಾಯಿ, ಎಲ್ಲ ನಗುವ ಮುಖಗಳು. ನಾನು ಮಾತ್ರ ಸೆರಗು ತೆಗೆಯಲು ನಾಚಿದೆ. "ಅಕ್ಕೋರ, ನೀವೂ ತಗೀರಿ" ಎಂದಳು. "ಕೂಸನ್ನ ನಿಮ್ಮ ಸಾಲಿಗೇ ಹಚ್ಚತೀನಿ."

ಕೂಸಿಗೆ ಏನೂ ಆಗಲಿಲ್ಲ. ಆರು ವರ್ಷದ ಮೇಲೆ ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳ ಕೈ ಹಿಡಿದು ಮುದುಕಿ ಸಾಲಿಯ ಬಾಗಿಲಲ್ಲಿ ಹಾಜರು! ಒಳಗೆ ಬರಲಿಲ್ಲ. ಹೊರಗೇ ನಿಂತು ಕೇಳಿದಳು: "ಇವತ್ತೇನು ನೆಗಡಿ ಇಲ್ಲಲ್ರಿ ಅಕ್ಕೋರ?"

"ಯಾಕ್ರಿ ಅಮ್ಮಾರ, ಒಬ್ಬರ ನಗಾಕ ಹತ್ತೀರಿ?" ಪಕ್ಕದ ಹುಡುಗಿ ಕೇಳಿದಾಗ ಬಸ್ಸು ಗಿಣಗೇರಾ ದಾಟಿತ್ತು. "ನೀ ಕಿಟಕಿ ಕಡೆ ಬಾ ಅವ್ವಾ, ಗಾಳಿ ಬರತೈತಿ" ಎಂದು ಜಾಗ ಬದಲಿಸಿಕೊಟ್ಟು, ಹೇಳತೊಡಗಿದೆ. ಬಹಳ ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ನನ್ನ ತಪ್ಪನ್ನು ಅಷ್ಟು ಹಿಗ್ಗಿನಿಂದ, ಅಷ್ಟು ದೊಡ್ಡ ದನಿಯಲ್ಲಿ ಹೇಳುತ್ತಿದ್ದೇನೆಂದು ನನಗೆ ತಿಳಿದದ್ದು, ಮುಂದಿನ ಸೀಟಿನವರೂ ತಿರುಗಿ ಕುಳಿತು "ಆಮ್ಯಾಲೇನಾತ್ರಿ?" ಎಂದಾಗ.