ಆಯಿಯ ರೇಡಿಯೊದ ಮುಳ್ಳು

1989ರಲ್ಲಿ, ಎಂಟನೆಯ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಬೆಸುಗೆಯ ಕೆಲಸ ಕೈಹಿಡಿಯಿತು. ಸವದತ್ತಿಯಲ್ಲಿ ನನ್ನ ಅಂಗಡಿಯಿಂದ ರಿಪೇರಿಯಾಗಿ ಹೋದ ರೇಡಿಯೊ ಸೆಟ್ಟು ತಿರುಗಿ ಬಂದದ್ದು ಕಡಿಮೆ. ಮೊನ್ನೆ ಹಳೆಯ ರೇಡಿಯೊ ಒಂದನ್ನು ಬಿಚ್ಚಿದೆ. ಬೆಸುಗೆಯ ರಾಳದ ವಾಸನೆ ಎದ್ದಿತು. ಅದರ ಬೆನ್ನಿಗೆ, ನಮ್ಮ ಓಣಿಯವರೆಲ್ಲ ಆಯಿ ಎನ್ನುತ್ತಿದ್ದ ಮುದುಕಿಯ ನೆನಪು…

ಆಯಿಯ ಗಂಡ ನವಿಲುತೀರ್ಥದ ಡ್ಯಾಮಿನಲ್ಲಿ ಕೆಲಸಕ್ಕಿದ್ದವನು. ಅವನು ತೀರಿದ ಮೇಲೆ ಮನೆಯಲ್ಲಿ ಮಾತಾಡುವುದು ರೇಡಿಯೊ ಒಂದೇ ಆಯಿತು. ಎದುರು ಮನೆಯ ಅರಳೆ ವ್ಯಾಪಾರದ ಸಾವಕಾರರು ತಂತಿಯಿಲ್ಲದ ಕಾರ್ಡ್‌ಲೆಸ್ ಫೋನು ತಂದ ವರ್ಷ, ಆಯಿಯ ರೇಡಿಯೊದ ಮುಳ್ಳು ತುದಿಗೆ ಹೋದರೆ, ಸ್ಟೇಷನ್ನುಗಳೆಲ್ಲ ಮುಗಿದಲ್ಲಿ, ಸಾವಕಾರರ ಸೊಸೆ ಕಟಕೋಳದಲ್ಲಿದ್ದ ತನ್ನ ತಾಯಿಯೊಡನೆ ಫೋನಿನಲ್ಲಿ ಆಡುವ ಮಾತು ಕೇಳತೊಡಗಿತು. ಆಯಿ ಯಾರಿಗೂ ಹೇಳಲಿಲ್ಲ. ದಿನಾ ಮಧ್ಯಾಹ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು, ಅದರ ಮುಂದೆ ಕೂಡುತ್ತಿದ್ದಳಂತೆ.

ಸೊಸೆಗೆ ಮೊದಲ ಬಸಿರು ನಿಂತಿರಲಿಲ್ಲ. ಹೀಗಾಗಿ ಎರಡನೆಯದನ್ನು ಮನೆಯವರು ಮುಚ್ಚಿಟ್ಟಿದ್ದರು. ಬಯಕೆಯ ಹೆಣ್ಣಿಗೆ ಓಣಿಯವರು ಬುತ್ತಿ ಒಯ್ಯುವುದು ನಮ್ಮಲ್ಲಿಯ ರೂಢಿ; ಅದು ಸುದ್ದಿ ಹೊರಬಿದ್ದ ಮೇಲೆ. ಆಯಿಗೆ ಅಷ್ಟು ತಡೆಯಲಾಗಲಿಲ್ಲ. ಖಡಕ್ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿಬಿಟ್ಟಳು.

"ಇಕಿ ಪುಂಡಿಪಲ್ಯ ಬಯಸಿದ್ದು ನಿನಗ ಯಾರ ಹೇಳಿದ್ರು?" ಎಂದಳು ಅತ್ತೆ.

ಸುಳ್ಳು ಹೊಳೆಯಲಿಲ್ಲ ಆಯಿಗೆ. "ರೇಡಿಯೋದಾಗ ಕೇಳಿದ್ನೆವ್ವಾ" ಎಂದಳು.

ಸಂಜೆಗೆ ಸಾವಕಾರರು ಪೊಲೀಸರನ್ನು ಕರೆತಂದರು. ರೇಡಿಯೊ ನೋಡಲು ನನಗೂ ಕರೆ ಬಂತು.

"ನಾ ಯಾರ ಮನಿಗೂ ಹೋಗಿಲ್ರೀ ಸಾಹೇಬ್ರ. ಅವರ ಮಾತೇ ನನ್ನ ಮನಿಗಿ ಬಂದಾವ್ರಿ" ಎಂದಳು ಆಯಿ.

"ಬಂದ್ರ ಬರಲಿ. ಅದರ ಹಿಂದ ಬುತ್ತಿ ಯಾಕ ಬಂತು?" ಎಂದರು ಸಾವಕಾರರು.

ಹವಾಲ್ದಾರರು ನಗು ನುಂಗಿಕೊಂಡರು. "ನೋಡ್ರಿ ಆಯಿ, ಊರಿಗೆಲ್ಲಾ ಬಿಟ್ಟ ಸ್ಟೇಷನ್ ಬೇಕಾದಷ್ಟ ಕೇಳ್ರಿ. ಒಬ್ಬರು ಒಬ್ಬರಿಗೆ ಆಡೂ ಮಾತ ಗಾಳ್ಯಾಗ ಬಂದ್ರೂ ಕೇಳಬಾರದು. ಕಾಯ್ದೆದಾಗ ಗುನ್ನೆ ಅದ. ರೇಡಿಯೊ ಜಪ್ತ್ ಮಾಡಬೇಕಾಗತೈತಿ."

ಆಯಿ ರೇಡಿಯೊವನ್ನು ಎದೆಗವಚಿಕೊಂಡಳು. ಆಗ ನಾನೇ ನಡುವೆ ಬಾಯಿ ಹಾಕಿದೆ. ಮುಳ್ಳು ಅಲುಗದಂತೆ ಧಾರವಾಡ ಸ್ಟೇಷನ್ನಿನ ಮೇಲೆ ಬೆಸುಗೆ ಹಾಕಿ ಕೊಡುತ್ತೇನೆ ಎಂದೆ. ಸಾವಕಾರರೂ ಹವಾಲ್ದಾರರೂ ಒಪ್ಪಿದರು. ಅವರೆಲ್ಲರ ಕಣ್ಣೆದುರಿಗೇ ಹಾಕಿದೆ. ಆಯಿ ಹೊಗೆಯನ್ನೇ ನೋಡುತ್ತ ಕೂತಿದ್ದಳು…

ಆಮೇಲೆ ಆ ಮನೆಯ ಬಾಗಿಲು ಆಯಿಗೆ ತೆರೆಯಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಮೆಲ್ಲಗೆ ಕೇಳಿದಳು: "ಗಂಡೋ, ಹೆಣ್ಣೋ ತಮ್ಮಾ?"

ಅವಳ ಮನೆಗೂ ಆ ಮನೆಗೂ ನಡುವೆ ಇದ್ದದ್ದು ಒಂದು ಚಕ್ಕಡಿ ಹಾಯುವಷ್ಟು ದಾರಿ.

"ಹೆಣ್ರಿ ಆಯಿ."

"ಚಲೋ ಆತು. ಕಟಕೋಳದ ಅವರವ್ವಗ ಹೆಣ್ಣ ಬೇಕಾಗಿತ್ತ" ಎಂದು ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಆಯಿ ತೀರಿದಾಗ ಮನೋಳಿಯಿಂದ ಬಂದ ಅವಳ ಅಣ್ಣನ ಮಕ್ಕಳು ಹಂಡೆ, ಕೊಡ ಒಯ್ದರು. "ಮುಳ್ಳ ತಿರಗೂದಿಲ್ಲ, ಇದನ್ನ ಯಾರ ಒಯ್ತಾರ?" ಎಂದು ರೇಡಿಯೊ ನನ್ನ ಅಂಗಡಿಯಲ್ಲಿ ಬಿಟ್ಟರು. ಮೊನ್ನೆ ಬಿಚ್ಚಿದ್ದು ಅದನ್ನೇ. ಬೆಸುಗೆ ಕರಗಿಸಲು ಕಾಯಿಸಿದ ಕಡ್ಡಿಯನ್ನು ಹಾಗೇ ಕೆಳಗಿಟ್ಟೆ. ಆ ಕಾರ್ಡ್‌ಲೆಸ್ ಫೋನು ಹೋಗಿ ಎಷ್ಟೋ ವರ್ಷ; ಈಗ ತಿರುಗಿಸಿದರೂ ಆ ತುದಿಯಲ್ಲಿ ಯಾರೂ ಇಲ್ಲ…

ಈಗ ನನಗಿರುವುದು ಒಂದು ಅಂಗಡಿ, ಎರಡು ಕೋಣೆಯ ಸ್ವಂತ ಮನೆ, ಇಬ್ಬರು ಮಕ್ಕಳು, ಒಂದು ಮೋಟರ್‌ಸೈಕಲ್ಲು, ಒಂದೇ ಸ್ಟೇಷನ್ನಿನ ಒಂದು ರೇಡಿಯೊ.