ಏನೂ ಇಲ್ಲ ಎಂದರೆ

ಭೈರಮ್ಮ ನಮ್ಮ ಹಿತ್ತಲಾಚೆಯ ಮನೆಯವಳು. ಒಣಗಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಕೊಬ್ಬರಿ ಬಿರಿಯದಂತೆ ಇಡಿಯಾಗಿ ಬಿಡಿಸುವುದು ಅವಳ ಕೆಲಸ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಅತ್ತೆ ಭೂತಮ್ಮ ಮಗ ಗಿಡ್ಡಯ್ಯನಿಗೆ ಹಂದನಕೆರೆಯಲ್ಲಿ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು.

ಅಷ್ಟರಲ್ಲಿ ಭೈರಮ್ಮನಿಗೆ ಮುಟ್ಟು ನಿಂತಿತು. ತಿಪಟೂರಿನ ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ನನ್ನ ಕೂಸು ರಚ್ಚೆ ಹಿಡಿದಿದ್ದರಿಂದ ಹೊರಗೇ ಉಳಿದೆ. ಅವಳು ನಗುತ್ತಾ ಬಂದಳು.

"ಏನೂ ಇಲ್ವಂತೆ ಕಣಕ್ಕಾವ್ರೇ. ಧೈರ್ಯವಾಗಿರು ಅಂದ್ರು."

ತೊಂದರೆಯಿಲ್ಲ ಎನ್ನುವುದಕ್ಕೂ ನಾವು ಹಾಗೇ ಅನ್ನುತ್ತೇವೆ. ನಾನೂ ಹಾಗೇ ತಿಳಿದೆ. ಭೂತಮ್ಮ ಸೊಸೆಗೆ ಹಸಿರು ಬಳೆ ತೊಡಿಸಿದಳು. ಐದು ತಿಂಗಳಾಗುವಷ್ಟರಲ್ಲಿ ಹೊಟ್ಟೆಯೂ ಬಂತು.

ನಮ್ಮ ಮನೆಯವರು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವರು. ಒಂದು ಭಾನುವಾರ ಕೊಬ್ಬರಿ ವ್ಯಾಪಾರದ ತೋಂಟದಾರ್ಯರೊಂದಿಗೆ ಜಗಲಿಯಲ್ಲಿ ವಾದಕ್ಕೆ ಕೂತಿದ್ದರು. ಭೈರಮ್ಮ ಅಂಗಳದಲ್ಲೇ ಕಾಯಿ ಒಡೆಯುತ್ತಿದ್ದಳು.

"ಮೊಲದ ಕೊಂಬು, ಬಂಜೆಯ ಮಗ. ಇವು ಇಲ್ಲ ಅನ್ನೋಕೂ ಮೊದಲು ಅವನ್ನ ನೆನೀಬೇಕಲ್ಲ. ಯಾವುದು ಇಲ್ಲ ಅಂತೀರಿ?"

"ಬುಡಿ ಮೇಷ್ಟ್ರೇ. ತಕ್ಕಡೀಲಿ ಕೂರದಿದ್ರೆ ಅದಿಲ್ಲ, ಅಷ್ಟೇಯ."

"ಮುಂದಿನ ವರ್ಷದ ರೇಟು ಯಾವ ತಕ್ಕಡೀಲಿ ಕೂತಿದೆ? ಅದನ್ನ ನಂಬ್ಕೊಂಡು ಅಟ್ಟ ತುಂಬಿದೀರಲ್ಲ?"

ಇಬ್ಬರೂ ನಕ್ಕರು. ಅಂಗಳದಲ್ಲಿ ಮಚ್ಚಿನ ಸದ್ದು ನಿಂತಿತ್ತು. ಭೈರಮ್ಮ ಅಡುಗೆಮನೆಗೆ ಬಂದು, "ಅಕ್ಕಾವ್ರೇ, ನಂದು ಇನ್ನೂ ಒಂದ್ಸಲನೂ ಒದ್ದಿಲ್ಲ," ಎಂದಳು.

ಮರುದಿನ ಮತ್ತೆ ಹೋದೆವು. ಈ ಸಲ ನಾನೂ ಒಳಗಿದ್ದೆ. ಡಾಕ್ಟರಮ್ಮ ಬೇಸರದಿಂದ, "ಆವತ್ತೇ ಹೇಳಿದ್ನಲ್ಲಮ್ಮ, ಏನೂ ಇಲ್ಲ ಅಂತ. ಹೊಟ್ಟೇಲಿ ಮಗು ಇಲ್ಲ. ಇರಲೇ ಇಲ್ಲ. ಆಸೆಗೂ ಹೊಟ್ಟೆ ಬರುತ್ತೆ," ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಭೈರಮ್ಮ ನನ್ನ ಸೆರಗು ಹಿಡಿದುಕೊಂಡಳು.

"ನಮ್ಮತ್ತೆ ತಾವ ಇರಲೇ ಇಲ್ಲ ಅನ್ಬ್ಯಾಡಿ. ಹೋಯ್ತು ಅನ್ನಿ."

"ಇಲ್ದಿದ್ದು ಹೆಂಗೆ ಹೋಗುತ್ತೆ ಭೈರಮ್ಮ?"

"ಹೋಯ್ತು ಅಂದ್ರೆ ಇತ್ತು ಅಂತಾಯ್ತದಲ್ಲ. ಕಳ್ಕೊಂಡೋಳ್ನ ಯಾರೂ ಬಂಜೆ ಅನ್ನಕಿಲ್ಲ. ನೀವು ಅಂದ್ರೆ ನಂಬ್ತಾರೆ. ಕೂಸಿನ ತಾಯಿ ನೀವು."

ನನ್ನ ಕೂಸು ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಅದನ್ನು ಹೊತ್ತುಕೊಂಡೇ ಭೂತಮ್ಮನೆದುರು ನಿಂತು, "ದಾರೀಲಿ ಹೋಯ್ತು," ಎಂದೆ.

ಭೂತಮ್ಮ ಕಂಬಕ್ಕೆ ಒರಗಿ ಕೂತಳು. ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು: "ಗಂಡೋ, ಹೆಣ್ಣೋ?"

ಚಾಪೆಯ ಮೇಲೆ ಗೋಡೆಯತ್ತ ಮುಖ ಮಾಡಿ ಮಲಗಿದ್ದ ಭೈರಮ್ಮನೇ, "ಹೆಣ್ಣು ಕಣತ್ತೆ. ನಾನು ನೋಡ್ದೆ," ಎಂದಳು.

ಭೂತಮ್ಮ ಮೂಗೊರೆಸಿಕೊಂಡು ಮಗನನ್ನು ಕರೆದಳು. "ಹಂದನಕೆರೆಯೋರ್ಗೆ ಈ ವರ್ಷ ಬ್ಯಾಡ ಅಂತ ಹೇಳ್ಕಳ್ಸ್ಲಾ."

ಭೈರಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನನ್ನು ಹತ್ತಿರ ಕರೆದು, ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಡಿ ಎಂದಳು. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು.